ಮಾಸ್ತರರ ಗಾಂಧಾರ

ಹೊಲಿಗೆ ಯಂತ್ರಕ್ಕೆ ಬಿಡುವ ತೆಳ್ಳನೆಯ ಎಣ್ಣೆಗೆ ಒಂದು ವಾಸನೆಯಿದೆ. ಸೀಮೆಎಣ್ಣೆಯಂತೆ ಮೂಗಿಗೆ ಹೊಡೆಯುವುದಿಲ್ಲ, ಕೊಬ್ಬರಿಎಣ್ಣೆಯಂತೆ ಒಲಿದು ಬರುವುದೂ ಇಲ್ಲ. ಕಳೆದ ತಿಂಗಳು ಹುನಗುಂದದಲ್ಲಿ, ಬಸ್ ನಿಲ್ದಾಣದ ಹತ್ತಿರದ ದರ್ಜಿ ಅಂಗಡಿಯಲ್ಲಿ ಅದು ನನ್ನನ್ನು ಹಿಡಿಯಿತು. ಅಲ್ಲಿಯ ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪು ಹೇಳಲು ಬಾಗಲಕೋಟೆಯಿಂದ ಹೋಗಿದ್ದೆ. ಸ್ಪರ್ಧೆ ಮುಗಿದಿತ್ತು. ಚೀಲದ ಹಿಡಿಕೆ ಕಿತ್ತು ಬಂದದ್ದರಿಂದ ಹೊಲಿಸಿಕೊಂಡೇ ಹೋಗೋಣ ಅಂತ ನಿಂತೆ. ದರ್ಜಿ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಹಳೆಯ ಬಟ್ಟೆಯ ತುಂಡಿನಿಂದ ಒರೆಸಿದ... ನಾನು ಅಂಗಡಿಯ ಕಂಬಕ್ಕೆ ಒರಗಿ ನಿಂತೆ.

“ಯಾಕ್ರಿ ಮೇಡಂ, ಆರಾಮ ಇಲ್ಲೇನ್ರಿ? ಸ್ಟೂಲ್ ಐತಿ, ಕೂಡ್ರಿ,” ಅಂದ.

ಕೂತೆ. ಅದೇ ವಾಸನೆಯ ಬಟ್ಟೆಯಿಂದ ದಿನಾ ಬೆಳಿಗ್ಗೆ ನೂರು ತಂತಿ ಒರೆಸುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಒಮ್ಮೆ ವಾದದಲ್ಲಿ ಸೋಲಿಸಿದ್ದೆ. ಪಾರಿತೋಷಕ, ಪ್ರಶಸ್ತಿಪತ್ರ ಎಷ್ಟೋ ಗೆದ್ದಿದ್ದೇನೆ, ಯಾವ ಗೆಲುವೂ ಹೀಗೆ ಎಲ್ಲೆಂದರಲ್ಲಿ ನೆನಪಿಗೆ ಬರುವುದಿಲ್ಲ. ಇದೊಂದು ಬಿಟ್ಟು.

ನಾನು ಇಳಕಲ್ಲಿನವಳು. ನಮ್ಮ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಮಗ್ಗ ಶುರುವಾಗುತ್ತಿದ್ದವು. ನಮ್ಮಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುವವ. ಎದುರು ಮನೆಯ ಮಾಳಿಗೆ ಖೋಲಿಯಲ್ಲಿ ಬಾಡಿಗೆಗಿದ್ದವರು ಮಾಸ್ತರರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಕಮತಗಿಯಲ್ಲಿ ತಂಗಿಯ ಮನೆಯಿತ್ತು, ಮದುವೆಯಾಗಿರಲಿಲ್ಲ. ಆದರೆ ಊರಿನವರು ಅವರನ್ನು ಚಿತ್ರಕ್ಕಾಗಿ ನೆನಪಿಟ್ಟುಕೊಂಡಿರಲಿಲ್ಲ. ಪ್ರಾಯದಲ್ಲಿ ಮಿರಜದಲ್ಲಿದ್ದಾಗ ಯಾರದೋ ಕಾಲ ಬಳಿ ಕೂತು ಸಂತೂರ ಕಲಿತು, ಅಲ್ಲಿಂದಲೇ ಒಂದು ವಾದ್ಯ ಹೊತ್ತು ತಂದಿದ್ದರು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಮರದ ಪೆಟ್ಟಿಗೆ, ಅದರ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಮರದ ಕುದುರೆಗಳು ಸಾಲು ಸಾಲು, ಒಂದೊಂದು ಕುದುರೆಯ ಮೇಲೆ ನಾಲ್ಕು ನಾಲ್ಕು ಉಕ್ಕಿನ ತಂತಿ. ನಾಲ್ಕಕ್ಕೂ ಒಂದೇ ಸ್ವರ. ತಂತಿಯನ್ನು ಬೆರಳಿನಿಂದ ಮೀಟುವುದಿಲ್ಲ, ತುದಿ ಬಾಗಿದ ಎರಡು ಹಗುರ ಕಟ್ಟಿಗೆಯ ಕಡ್ಡಿಯಿಂದ ಬಡಿಯುತ್ತಾರೆ. ಆ ಕಡ್ಡಿಗೆ ಅವರು ಕಲಮು ಅನ್ನುತ್ತಿದ್ದರು.

ಅವರ ಹತ್ತಿರ ಕಲಿಯಲು ಬರುತ್ತಿದ್ದವರು ಮೂರೋ ನಾಲ್ಕೋ ಜನ. ಬಿಡದೆ ಬಂದವರು ಒಬ್ಬರೇ, ಹುನಗುಂದದ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದ ಒಬ್ಬ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಅನ್ನುವುದು, ನಾನೂ ಹಾಗೇ ಕರೆಯುತ್ತಿದ್ದೆ. ಅಕ್ಕಾರು ವಾರಕ್ಕೆ ಎರಡು ಸಂಜೆ ಬಸ್ಸಿಳಿದು ಬರುತ್ತಿದ್ದರು. ನಾನು ಹೋಗುತ್ತಿದ್ದದ್ದು ಕಲಿಯಲಿಕ್ಕಲ್ಲ, ಜಗಳಕ್ಕೆ.

ಆಗ ನಾನು ಬಿ.ಎ. ಎರಡನೇ ವರ್ಷ. ಮೂರು ನಿಮಿಷ ಪರ, ಮೂರು ನಿಮಿಷ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆಲ್ಲಬೇಕು ಅನ್ನುವ ಹುಚ್ಚು. ಮಾಸ್ತರರು ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದರು: ಸಂತೂರ ನಮ್ಮದು, ಹಳೆಯ ಗ್ರಂಥಗಳಲ್ಲಿ ನೂರು ತಂತಿಯ ವೀಣೆ ಅಂತ ಹೆಸರಿದೆ, ಇದೇ ಪಡುವಣಕ್ಕೆ ಹೋಗಿ ಪಿಯಾನೋ ಆಯಿತು. ನಾನು ಬಿಡುತ್ತೇನೆಯೇ.

“ಹೆಸರಿದ್ರ ಸಾಕೇನ್ರಿ ಮಾಸ್ತರ? ನೂರು ತಂತಿ ಅಂದ್ರ ಇದ ವಾದ್ಯ ಅನ್ನೂದಕ್ಕ ಸಾಕ್ಷಿ ಏನು?”

“ಸಾಕ್ಷಿ ಕೇಳೂದು ಒಂದು ಜಡ್ಡು ಹತ್ತೈತಿ ನಿಂಗ. ಪಿಯಾನೋದ ಹೊಟ್ಟಿ ಬಿಚ್ಚಿ ನೋಡು ವಕೀಲ್ರ. ಒಳಗ ಸಣ್ಣ ಸಣ್ಣ ಸುತ್ತಿಗಿ ತಂತಿಗೆ ಬಡೀತಾವು. ಅಜ್ಜಿ ಮೂಗು ಮೊಮ್ಮಗಳಿಗೆ ಬಂದಂಗ.”

ವಕೀಲ್ರ ಅಂತಲೇ ನನ್ನ ಹೆಸರು ಅವರ ಬಾಯಲ್ಲಿ.

“ಮೂಗು ಒಂದ ನಮೂನಿ ಇದ್ದ ಮಾತ್ರಕ್ಕ ಅಜ್ಜಿ ಆಗೂದಿಲ್ರಿ. ಬಾದಾಮಿ ಗುಹಾದಾಗ ನಟರಾಜಗ ಹದಿನೆಂಟು ಕೈ ಅದಾವು, ಬಾಜೂಕ ಗಣಪತಿ, ಮದ್ದಳಿ ಬಾರಸಂವ, ಎಲ್ಲಾರೂ ಅದಾರು. ಅಲ್ಲಿ, ಪಟ್ಟದಕಲ್ಲಿನಾಗ, ಐಹೊಳಿಯಾಗ, ಎಲ್ಲೆರ ಒಬ್ಬಂವ ತಂತಿಗೆ ಕಡ್ಡೀಲೆ ಬಡಿಯೂದು ತೋರಸ್ರಿ.”

“ಅವ ಆ ದಿನ ರಜಾದ ಮ್ಯಾಲಿದ್ದ,” ಅಂದು ಅವರು ಚಹಾ ಬಸಿಯುತ್ತಿದ್ದರು.

ನಾನು ಫೋನಿನಲ್ಲಿ ಒಂದೊಂದೇ ತೋರಿಸುತ್ತಿದ್ದೆ. ಹಂಗೇರಿಯ ಸಿಂಬಲೋಮ್, ಜರ್ಮನ್ ಮಾತಾಡುವ ಬೆಟ್ಟದೂರುಗಳ ಹ್ಯಾಕ್‌ಬ್ರೆಟ್, ಇರಾನಿನ ಸಂತೂರ್. ಯುರೋಪಿನ ಹಳೆಯ ಚರ್ಚುಗಳ ಚಿತ್ರಗಳಲ್ಲಿ ದೇವದೂತರೇ ಅದನ್ನು ಬಾರಿಸುತ್ತ ನಿಂತಿರುವುದು. ಎಲ್ಲ ಕಡೆಯೂ ತಂತಿ, ಎಲ್ಲ ಕಡೆಯೂ ಕಡ್ಡಿ. ಯಾರು ಯಾರಿಂದ ಕಲಿತರು ಅನ್ನುವುದು ಅಷ್ಟು ಸುಲಭಕ್ಕೆ ಹೇಳಲಾಗದ ಮಾತು ಅನ್ನುವುದು ನನ್ನ ವಾದ. ಅದು ಇವತ್ತಿಗೂ ನನ್ನ ವಾದವೇ. ಅವರು ನನ್ನ ವಾದ ಕೇಳುತ್ತಿರಲಿಲ್ಲ, ಫೋನಿನ ಚಿತ್ರ ನೋಡುತ್ತಿದ್ದರು. ಸಿಂಬಲೋಮ್ ಬಾರಿಸುವವನ ಕಾಲನ್ನೇ ನೋಡಿ, “ಇವ ಕಾಲೀಲೆ ಸದ್ದು ಒರಸ್ತಾನ ನೋಡು. ನಾವು ಸದ್ದು ತಾನ ಸಾಯೂತನಕ ಕಾಯ್ತೇವಿ,” ಅಂದಿದ್ದರು. ಅವನ ಕಡ್ಡಿಗಳಿಗೆ ಹತ್ತಿ ಸುತ್ತಿದ್ದನ್ನು ಕಂಡು ಮರುದಿನ ನಮ್ಮಪ್ಪನ ಹತ್ತಿರ ನೂಲು ಕೇಳಲು ಬಂದರು. ತಮ್ಮ ಕಲಮಿಗೂ ಸುತ್ತಿ ಬಾರಿಸಿ ನೋಡಿ, “ಕಂಬಳಿ ಹೊತ್ತು ಮಾತಾಡಿದಂಗ ಆತು,” ಅಂತ ಬಿಚ್ಚಿ ಹಾಕಿದರು.

ಅಪ್ಪ ನೂಲು ಕೊಡಲು ಹೋದವ ಸಂತೂರದ ತಂತಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಒತ್ತಿ ನೋಡುವವನ ಚಟ. “ಮಾಸ್ತರ, ಇಲ್ಲಿ ಬಿಗಿ ಐತಿ, ಇಲ್ಲಿ ಸಡ್ಲ ಐತಿ. ಎಲ್ಲಾ ಒಂದ ಬಿಗಿ ಇಲ್ಲಂದ್ರ ಅರಿವಿ ಕೆಡತೈತ್ರಿ. ತಡೀರಿ, ನಾ ಸರಿ ಮಾಡಿ ಕೊಡ್ತೇನಿ.” ಮಾಸ್ತರರು ಎರಡೂ ಕೈ ಅಡ್ಡ ಹಿಡಿದು ನಕ್ಕದ್ದು ನೋಡಬೇಕಿತ್ತು. “ಮುಟ್ಟಬ್ಯಾಡೋ ಮಾರಾಯಾ. ಇದು ಸೀರಿ ಅಲ್ಲ. ಇಲ್ಲಿ ಒಂದೊಂದು ಎಳಿಗೆ ಒಂದೊಂದು ಹಟ.”

ಆ ವರ್ಷ ಬಾದಾಮಿಯಿಂದ ಒಂದು ಕರೆ ಬಂತು. ಅಲ್ಲಿಯ ಒಂದು ಸಂಗೀತ ಮಂಡಳಿಯವರು ಕೆರೆಯ ದಂಡೆಯ ಮೇಲೆ ಎರಡು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಸುತ್ತಲಿನ ಕಲಾವಿದರೊಬ್ಬರಿಗೆ ಮೊದಲ ಅರ್ಧ ಗಂಟೆ. ಮಾಸ್ತರರು ಅದುವರೆಗೆ ಮಠಗಳಲ್ಲಿ, ಮದುವೆಗಳಲ್ಲಿ, ಮಂದಿ ಉಣ್ಣುತ್ತಿರುವಾಗ ಬಾರಿಸಿದವರು. ಕೇಳಲಿಕ್ಕೆಂದೇ ಕೂತ ಮಂದಿಯ ಮುಂದೆ ಒಮ್ಮೆಯೂ ಬಾರಿಸಿದವರಲ್ಲ. ವಯಸ್ಸು ಅರವತ್ತು ದಾಟಿತ್ತು.

“ಒಂದು ಸಲ,” ಅಂದರು ಆ ಪತ್ರ ಮಡಚುತ್ತ. “ಒಂದ ಸಲ ಸರಿಯಾಗಿ ಯಮನ್ ರಾಗ ಬಾರಿಸಿ ಬಂದ್ರ ಸಾಕು ನೋಡವಾ. ಆಮ್ಯಾಲೆ ಮದುವಿಯಾಗ ಬಾರಿಸಿದ್ರೂ ನಡೀತೈತಿ.”

ಕಾರ್ಯಕ್ರಮಕ್ಕೆ ಒಂದು ತಿಂಗಳಿತ್ತು. ದಿನಾ ಸಂಜೆ ಬಂದು ಕೂತು ಕೇಳು, ಎಲ್ಲಿ ಬ್ಯಾಸರ ಬರತೈತಿ ಹೇಳು ಅಂದರು. ಹೊಗಳುವವರು ಬೇಡ, ತಪ್ಪು ಹಿಡಿಯುವವಳೇ ಬೇಕು ಅಂತ ನನ್ನನ್ನು ಆರಿಸಿದ್ದರು. ನನಗೆ ಹಿಗ್ಗು. ಆದರೆ ಒಂದು ತೊಡಕಿತ್ತು: ನನಗೆ ಸ್ವರ ಹತ್ತುವುದಿಲ್ಲ. ಸರಿಗಮದಲ್ಲಿ ಯಾವುದು ಎಲ್ಲಿ ಅಂತ ಇವತ್ತಿಗೂ ತಿಳಿಯದು. ತಿಳಿಯದ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಹಾಗಾಗಿ ಫೋನಿನಲ್ಲಿ ಒಂದು ಆಪ್ ಇಳಿಸಿಕೊಂಡೆ. ತಂತಿ ನುಡಿದರೆ ಪರದೆಯ ಮೇಲೆ ಒಂದು ಮುಳ್ಳು ಅಲುಗಾಡುತ್ತದೆ, ಸ್ವರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಎಷ್ಟು ಗೆರೆ ತಪ್ಪಿದೆ ಅಂತ ಅಂಕಿಯೂ ಬರುತ್ತದೆ.

ಅವರು ಶ್ರುತಿ ಕೂಡಿಸುವಾಗ ಒಂದೊಂದೇ ತಂತಿ ನುಡಿಸುತ್ತಿದ್ದರಲ್ಲ, ನಾನು ಫೋನನ್ನು ಪುಸ್ತಕದ ಮರೆಗಿಟ್ಟುಕೊಂಡು ನೋಡಿದೆ. ಷಡ್ಜ ಹಸಿರು. ಪಂಚಮ ಹಸಿರು. ಗಾಂಧಾರ ಕೆಂಪು, ಹದಿನಾಲ್ಕು ಗೆರೆ ಕೆಳಗೆ. ಧೈವತ ಕೆಂಪು. ನಿಷಾದ ಕೆಂಪು, ಹನ್ನೆರಡು ಗೆರೆ ಕೆಳಗೆ.

ಮುದುಕರಿಗೆ ಕಿವಿ ಮಂದವಾಗುತ್ತದೆ ಅಂತ ಓದಿದ್ದೆ. ಆಮೇಲೆ ಸಾಕ್ಷಿಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ಓಣಿಯಲ್ಲಿ ಕೂಗಿದರೆ ಒಮ್ಮೊಮ್ಮೆ ತಿರುಗಿ ನೋಡುತ್ತಿರಲಿಲ್ಲ. ಟಿ.ವಿ. ಸದ್ದು ಜೋರು. “ಹಾಂ?” ಅಂತ ಎರಡೆರಡು ಸಲ ಕೇಳುತ್ತಿದ್ದರು. ನಮ್ಮ ಓಣಿಯಲ್ಲಿ ಮಗ್ಗಗಳ ಬಡಿತಕ್ಕೆ ಯಾರು ಎರಡು ಸಲ ಕೇಳುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಎದುರಾಳಿ ಇದೇ ಸಾಕ್ಷಿ ತಂದಿದ್ದರೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ಮೂರು ದಿನ ಕೋಷ್ಟಕ ಹಾಕಿ ಬರೆದೆ. ಯಾವ ಕುದುರೆ, ಯಾವ ಸ್ವರ, ಎಷ್ಟು ಗೆರೆ. ಆ ಹಾಳೆ ಇನ್ನೂ ನನ್ನ ಕಣ್ಣಲ್ಲಿದೆ... ಕೆಳಗಿನ ಸಪ್ತಕದ ಗಾಂಧಾರ ಹದಿನಾಲ್ಕು ಕೆಳಗೆ. ನಡುವಿನದು ಹದಿನಾಲ್ಕು ಕೆಳಗೆ. ಮೇಲಿನದು ಹದಿಮೂರೋ ಹದಿನಾಲ್ಕೋ, ಕೆಳಗೆ. ಮೂರು ದಿನವೂ ಅಷ್ಟೇ. ಕಿವಿ ಮಂದವಾದವನ ತಪ್ಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಚೆಲ್ಲಾಪಿಲ್ಲಿ ಆಗಬೇಕು. ಇದು ಗೆರೆ ಎಳೆದ ಹಾಗೆ ಒಂದೇ ಕಡೆ, ಒಂದೇ ಅಳತೆ. ಅದನ್ನು ಬರೆದದ್ದು ನನ್ನ ಕೈಯೇ. ಕಣ್ಣಿಗೂ ಬಿತ್ತು. ಎಷ್ಟು ಪಕ್ಕಾ ಸಾಕ್ಷಿ ಅಂತ ಅಂದುಕೊಂಡೆನೇ ಹೊರತು, ಇಷ್ಟು ನೆಟ್ಟಗಿನ ತಪ್ಪು ತಪ್ಪಾಗಿರಲು ಸಾಧ್ಯವೇ ಅಂತ ಕೇಳಿಕೊಳ್ಳಲಿಲ್ಲ.

ಹೇಳಲೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಊಟ ಸೇರುತ್ತಿರಲಿಲ್ಲ. ಹೇಳದಿದ್ದರೆ ಬಾದಾಮಿಯಲ್ಲಿ ತಿಳಿದವರ ಮುಂದೆ ಅವರ ಮರ್ಯಾದೆ ಹೋಗುತ್ತದೆ, ಹೇಳಿದರೆ... ಅವ್ವ ನನ್ನ ಮುಖ ನೋಡಿ, “ಏನ ಆಗೈತಿ ನಿಂಗ? ಯಾರರೆ ಏನರೆ ಅಂದ್ರೇನು?” ಅಂತ ಕೇಳಿದಳು. ಅಪ್ಪ ಮಗ್ಗದಿಂದಲೇ, “ಯಾರೂ ಅಂದಿರೂದಿಲ್ಲ, ಇಕೀನ ಯಾರಿಗ್ಯೋ ಅನ್ನಾಕ ತಯಾರಿ ನಡಿಸ್ಯಾಳ,” ಅಂದ.

ಐದನೆಯ ಸಂಜೆ ಹೇಳಿದೆ. ಅಕ್ಕಾರು ಇನ್ನೂ ಬಂದಿರಲಿಲ್ಲ. ಹಾಳೆ ಮುಂದಿಟ್ಟೆ, ಫೋನು ಇಟ್ಟೆ. ಗಾಂಧಾರ ನುಡಿಸಿರಿ ಅಂದೆ. ನುಡಿಸಿದರು. ಮುಳ್ಳು ಕೆಂಪಿಗೆ ಹೋಗಿ ನಿಂತಿತು.

ಬಹಳ ಹೊತ್ತು ನೋಡಿದರು. “ಗಾಂಧಾರ ಅಲ್ಲೇ ಕೂಡ್ರತೈತವಾ. ನಮ್ಮ ಗುರುಗಳು ಅಲ್ಲೇ ಕೂಡ್ರಸ್ತಿದ್ರು.”

“ಗುರುಗಳ ಹೆಸರು ಸಾಕ್ಷಿ ಆಗೂದಿಲ್ರಿ.”

“ಈ ಕಿವಿಗೆ ಅದ ಸರಿ ಕೇಳಸ್ತೈತಿ.”

“ಕಿವೀನ ಸರಿ ಐತೋ ಇಲ್ಲೋ ಅನ್ನೂದ ಪ್ರಶ್ನಿ ಇದ್ದಾಗ ಕಿವೀನ ಸಾಕ್ಷಿಗೆ ಕರ್ಯಾಕ ಬರೂದಿಲ್ರಿ ಮಾಸ್ತರ.”

ಎಂಥ ಮಾತು. ಒಂದು ಕೂದಲೆಳೆ ತಪ್ಪಿಲ್ಲದ ತರ್ಕ. ಅದನ್ನು ಯಾವ ವೇದಿಕೆಯಲ್ಲಿ ಹೇಳಿದ್ದರೂ ಚಪ್ಪಾಳೆ ಬೀಳುತ್ತಿತ್ತು. ಅಲ್ಲಿ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಮಾಸ್ತರರು ಎಣ್ಣೆಬಟ್ಟೆ ತೆಗೆದು ತಂತಿ ಒರೆಸತೊಡಗಿದರು, ಬೆಳಿಗ್ಗೆ ಒರೆಸಿದ್ದನ್ನೇ ಮತ್ತೊಮ್ಮೆ.

“ನಾ ಹಾರ್ಮೋನಿಯಂ ಪೇಟಿ ಜೋಡಿ ಯಾಕ ಬಾರಸೂದಿಲ್ಲ ಗೊತ್ತೇನು? ಪೇಟಿಯಾಗ ಗಾಂಧಾರ ಚುಚ್ಚತೈತಿ ನಂಗ. ಮೊದಲಿಂದಾನೂ. ನಾ ಪೇಟೀದ ತಪ್ಪು ಅಂತ ತಿಳಿದಿದ್ನಿ.” ಬಟ್ಟೆ ಮಡಚಿಟ್ಟು ಅಂದರು, “ಅಂದ್ರ ಇದು ಇವತ್ತಿಂದಲ್ಲ. ಹರೇದಾಗಿಂದ ನನ್ನ ಕಿವಿ ಹಿಂಗ.”

ಅಲ್ಲಿಯಾದರೂ ನಿಲ್ಲಬಹುದಿತ್ತು ನಾನು. ಯೌವನದಿಂದಲೂ ಹೀಗೆ ಅಂದರೆ ಇದು ಮುಪ್ಪಿನ ಕಿವುಡು ಅಲ್ಲ, ನನ್ನ ವಾದ ಬಿದ್ದುಹೋಯಿತು. ಆದರೆ ಎದುರಾಳಿ ಒಪ್ಪಿಕೊಂಡ ಮೇಲೆ ನಿಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ದವಾಖಾನೆಗೆ ಹೋಗಿ ಕಿವಿ ತೋರಿಸಿರಿ ಅಂದೆ.

“ಬ್ಯಾಡ. ಡಾಕ್ಟರ್ ಹೇಳಿಬಿಟ್ರ ಖರೆ ಆಗಿಬಿಡತೈತಿ.” ನಕ್ಕರು, ಆದರೆ ನಗು ಮುಖಕ್ಕೆ ಹತ್ತಲಿಲ್ಲ. “ಈ ಮುಳ್ಳು ಹೆಂಗ ನೋಡೂದು, ಕಲಿಸಿಕೊಡು.”

ಕಲಿಸಿಕೊಟ್ಟೆ. ಎರಡು ಸಂಜೆ ಕೂತು ಕಲಿಸಿಕೊಟ್ಟೆ.

ಅಲ್ಲಿಂದ ಬಾದಾಮಿಯವರೆಗೆ ಮೂರು ವಾರ ಹೀಗೆ ನಡೆಯಿತು. ಮೊದಲು ಕಣ್ಣು ಮುಚ್ಚಿ ಶ್ರುತಿ ಕೂಡಿಸುತ್ತಿದ್ದವರು ಈಗ ಕನ್ನಡಕ ಹಾಕಿಕೊಂಡು, ಫೋನನ್ನು ಡಬ್ಬಿಗೆ ಆನಿಸಿಟ್ಟು, ಹಸಿರಿಗಾಗಿ ಕಾಯುತ್ತಿದ್ದರು. ಹಸಿರು ಬಂದ ಮೇಲೂ ಮುಖದಲ್ಲಿ ಒಂದು ಅನುಮಾನ. ಒಮ್ಮೊಮ್ಮೆ ತಂತಿ ತಿರುವುವ ಕೀಲಿ ಹಿಡಿದ ಕೈ ಗಾಂಧಾರದ ಮೊಳೆಗೆ ಹೋಗುತ್ತಿತ್ತು, ಕೂದಲಷ್ಟು ಸಡಿಲಿಸುತ್ತಿದ್ದರು, ಮುಳ್ಳು ಕೆಂಪಾಗುತ್ತಿತ್ತು, ಬೆಂಕಿ ತಾಕಿದಂತೆ ಮತ್ತೆ ಬಿಗಿ ಮಾಡುತ್ತಿದ್ದರು. ಹಾಲಿನವ ಬಂದು ಕೂಗಿದರೂ “ನಾ ಸರಿ ಕೇಳಿಸಿಕೊಂಡ್ನಿ?” ಅಂತ ನನ್ನ ಮುಖ ನೋಡುತ್ತಿದ್ದರು. ಅಕ್ಕಾರು ಒಮ್ಮೆ ಮೆಲ್ಲಗೆ, “ಮಾಸ್ತರ, ಮೊದಲಿನಂಗ ಇದ್ರ ಏನೋ ಒಂದ ನಮೂನಿ ತಂಪ ಇತ್ರಿ,” ಅಂದರು. ಅವರ ಕಣ್ಣು ಮುಳ್ಳಿನ ಮೇಲೆಯೇ. ನಾನೇ ಉತ್ತರಿಸಿದೆ: “ರೂಢಿ ಆಗಿರತೈತ್ರಿ ಅಕ್ಕಾರ. ರೂಢಿ ಆದದ್ದೆಲ್ಲಾ ಸರಿ ಅಲ್ಲ.”

ಬಾದಾಮಿಗೆ ಮೂವರೂ ಬಸ್ಸಿನಲ್ಲಿ ಹೋದೆವು. ಸಂತೂರ ಅವರ ತೊಡೆಯ ಮೇಲೆ. ಕೆರೆಯ ದಂಡೆಗೆ ವೇದಿಕೆ ಹಾಕಿದ್ದರು, ಹಿಂದೆ ಗುಡ್ಡ, ಸಂಜೆಯ ಬಿಸಿಲಿಗೆ ಕೆಂಪಗೆ. ಮುಂದಿನ ಸಾಲುಗಳಲ್ಲಿ ಬಾಗಲಕೋಟೆಯಿಂದ, ಗುಳೇದಗುಡ್ಡದಿಂದ ಬಂದ ಕೇಳುಗರು, ಮುಂಜಾನೆ ಗುಹೆ ನೋಡಿ ಉಳಿದುಕೊಂಡ ನಾಲ್ಕು ಜನ ಪರದೇಶದವರು. ನೀರಿನ ಮೇಲಿನಿಂದ ಗಾಳಿ ಬೀಸಿ ತಂತಿಗಳ ಶ್ರುತಿ ಕದಲಿತ್ತು. ಮಾಸ್ತರರು ವೇದಿಕೆಯ ಮೇಲೆ ಕೂತು, ಫೋನು ಆನಿಸಿಟ್ಟು, ಶುರು ಮಾಡಿದರು. ಮಂದಿಯ ಗದ್ದಲ, ಮೈಕಿನವನ “ಹಲೋ, ಹಲೋ”, ಮಂಗಗಳ ಕೂಗು, ಎಲ್ಲಕ್ಕೂ ಮುಳ್ಳು ಕುಣಿಯುತ್ತಿತ್ತು. ಹಸಿರು, ಕೆಂಪು, ಹಸಿರು, ಕೆಂಪು. ತಬಲದವರು ಒಮ್ಮೆ ಗಡಿಯಾರ ನೋಡಿದರು. ಮಂಡಳಿಯವರೊಬ್ಬರು ಬಂದು ಬಾಗಿ ಏನೋ ಅಂದರು. ಮಾಸ್ತರರು ತಲೆ ಎತ್ತಿ ಸಾಲುಗಳಲ್ಲಿ ನನ್ನನ್ನು ಹುಡುಕಿದರು. ಸರಿ ಐತೇನು ಅನ್ನುವ ನೋಟ. ನಾನು... ಕೈಯೆತ್ತಿ ಸರಿ ಅಂತ ಸನ್ನೆ ಮಾಡಿದೆ. ಏನೂ ಕೇಳಿಸದೆ, ಏನೂ ತಿಳಿಯದೆ.

ಯಮನ್ ಶುರುವಾಯಿತು. ಯಮನ್ ರಾಗಕ್ಕೆ ಗಾಂಧಾರ ಮನೆಯ ನಡುಗಂಬ ಇದ್ದಂತೆ ಅಂತ ಅವರೇ ಹೇಳುತ್ತಿದ್ದರು, ಎಲ್ಲಿ ಸುತ್ತಿದರೂ ಅಲ್ಲಿಗೇ ಬಂದು ಬೆನ್ನು ಆನಿಸಬೇಕು. ನನಗೆ ಸ್ವರ ತಿಳಿಯದು, ಆದರೆ ಕೋಷ್ಟಕ ಬರೆದದ್ದರಿಂದ ಯಾವ ಕುದುರೆ ಯಾವ ಸ್ವರ ಅಂತ ಕಣ್ಣಿಗೆ ಗೊತ್ತಿತ್ತು. ಕಲಮು ಷಡ್ಜದಿಂದ ಹೊರಟು ಋಷಭಕ್ಕೆ ಬಂತು, ಮುಂದಿನ ಕುದುರೆಯ ಮೇಲೆ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ದಾಟಿ ಹೋಯಿತು. ಮತ್ತೆ ಬಂತು. ಮತ್ತೆ ದಾಟಿತು. ಮೇಲಿನ ಸಪ್ತಕದಲ್ಲೂ ಹಾಗೆಯೇ.

ಪಕ್ಕದಲ್ಲಿದ್ದ ಅಕ್ಕಾರು ನನ್ನ ಮೊಣಕೈ ಹಿಡಿದರು. “ಮಾಸ್ತರ ಗಾಂಧಾರ ಬಿಟ್ಟು ಬಾರಸಾಕತ್ಯಾರಲ್ಲ.”

ಕಾಣುತ್ತಿತ್ತು. ಒಂದೇ ಒಂದು ಸಲ ತಪ್ಪಿಸಲಾಗದೆ ಮುಟ್ಟಿದರು, ಮುಟ್ಟಿದ ಕೂಡಲೇ ಅಂಗೈ ಚಾಚಿ ತಂತಿಯ ಮೇಲಿಟ್ಟು ಸದ್ದು ಆರಿಸಿದರು. ಅರ್ಧ ಗಂಟೆಯ ಕಾರ್ಯಕ್ರಮ ಹನ್ನೆರಡೋ ಹದಿಮೂರೋ ನಿಮಿಷಕ್ಕೆ ಮುಗಿಯಿತು. ಮಂದಿ ಚಪ್ಪಾಳೆ ತಟ್ಟಿದರು. ಒಬ್ಬರು ಶಾಲು ಹೊದಿಸಿದರು. ಹಿಂದಿನ ಸಾಲಿನಲ್ಲಿ ಯಾರೋ, “ವಾದ್ಯ ಚಲೋ ಐತಿ, ಬಾರಸಂವಗ ಅಂಜಿಕಿ,” ಅಂದದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಿತೋ ಇಲ್ಲವೋ.

ವಾಪಸ್ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಅವರು ಇಳಿದು ಹೋಗಿ ನಮ್ಮವ್ವನಿಗೆ ಅಂತ ಕರದಂಟಿನ ಪೊಟ್ಟಣ ತಂದು ನನ್ನ ಕೈಗೆ ಕೊಟ್ಟರು. ಬಸ್ಸು ಹೊರಟ ಮೇಲೆ ಅಂದರು:

“ನೀ ಹೇಳಿದ್ದು ಚಲೋ ಆತು ವಕೀಲ್ರ. ಇಲ್ಲಂದ್ರ ಅಷ್ಟು ಮಂದಿ ಮುಂದ ತಪ್ಪು ಗಾಂಧಾರ ಬಾರಿಸಿ ಬರ್ತಿದ್ನಿ. ಮುಳ್ಳು ಹಸರ ತೋರಸ್ತೈತಿ, ಕಿವಿ ಒಲ್ಲೆ ಅಂತೈತಿ. ಯಾರ ಮಾತು ಕೇಳೂದು? ಅದಕ್ಕ ಬಿಟ್ಟ ಬಿಟ್ನಿ.”

ಬೈದಿದ್ದರೆ ವಾದ ಮಾಡುತ್ತಿದ್ದೆ. ಧನ್ಯವಾದಕ್ಕೆ ಎದುರು ವಾದ ನನ್ನ ಹತ್ತಿರ ಇರಲಿಲ್ಲ.

ಮರುವರ್ಷ ಅವರು ಖೋಲಿ ಬಿಟ್ಟು ಕಮತಗಿಗೆ, ತಂಗಿಯ ಮನೆಗೆ ಹೋದರು. ನಾನು ಬಿ.ಎ. ಮುಗಿಸಿ ಎಂ.ಎ.ಗೆ ಧಾರವಾಡಕ್ಕೆ ಹೋದೆ. ಅಲ್ಲಿ ಒಂದು ಚರ್ಚೆಗೆ ತಯಾರಿ ನಡೆಸುವಾಗ, ಪಡುವಣದ ವಾದ್ಯಗಳಿಂದ ನಮ್ಮ ಸಂಗೀತಕ್ಕೆ ಲಾಭವೋ ನಷ್ಟವೋ ಅನ್ನುವ ವಿಷಯ, ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೆ. ಪಿಯಾನೋದವರು ಯಾವ ಸ್ವರದಿಂದ ಹಾಡು ಎತ್ತಿಕೊಂಡರೂ ನಡೆಯಲಿ ಅಂತ ಸಪ್ತಕವನ್ನು ಹನ್ನೆರಡು ಸಮ ತುಂಡು ಮಾಡಿಕೊಂಡಿದ್ದಾರೆ. ಹಾಗೆ ಸಮ ಮಾಡುವಾಗ ಕೆಲವು ಸ್ವರಗಳನ್ನು ತಂತಿಯ ಸಹಜ ಜಾಗದಿಂದ ತುಸು ಸರಿಸಬೇಕಾಗುತ್ತದೆ. ಗಾಂಧಾರ ಹದಿನಾಲ್ಕು ಗೆರೆ ಮೇಲೆ. ನಿಷಾದ ಹನ್ನೆರಡು. ಅದು ಅವರ ಒಪ್ಪಂದ, ಮೋಸವೇನಲ್ಲ, ಅವರ ಸಂಗೀತಕ್ಕೆ ಅದು ಬೇಕು. ನನ್ನ ಫೋನಿನ ಆಪ್, ಮಾಸ್ತರರಿಗೆ ಚುಚ್ಚುತ್ತಿದ್ದ ಪೇಟಿ, ಎರಡೂ ಅದೇ ಒಪ್ಪಂದದ ಮನೆಯವು. ಷಡ್ಜದ ತಂತಿ ಎಳೆದು ಬಿಟ್ಟರೆ ಅದರ ಒಳಗಿಂದಲೇ ತೆಳ್ಳಗೆ ಒಂದು ಗಾಂಧಾರ ಎದ್ದು ಬರುತ್ತದಂತೆ, ಹದಿನಾಲ್ಕು ಗೆರೆ ಕೆಳಗಿನದು. ಮಾಸ್ತರರು ಕಣ್ಣು ಮುಚ್ಚಿ ಕಾಯುತ್ತಿದ್ದದ್ದು ಅದಕ್ಕೆ.

ಹದಿನಾಲ್ಕು. ಆ ಅಂಕಿ ಪುಟದ ಮೇಲೆ ನನ್ನನ್ನೇ ನೋಡುತ್ತಿತ್ತು. ಅಜ್ಜಿ ಮೊಮ್ಮಗಳ ಸಂಬಂಧವನ್ನೇ ಒಪ್ಪದವಳು ನಾನು. ಆದರೂ ಮೊಮ್ಮಗಳ ಅಳತೆಪಟ್ಟಿ ಹಿಡಿದು ಅಜ್ಜಿಗೆ ಐಬು ಹೇಳಿ ಬಂದಿದ್ದೆ. ಅವರ ಕಿವಿ ಮಂದವಾಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೊಟ್ಟ ಸಾಕ್ಷಿ ಮಾತ್ರ ಸುಳ್ಳಾಗಿತ್ತು.

ಆ ದಿನವೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಹೇಗೆ ಹೇಳುವುದು ಅಂತ ಟಿಪ್ಪಣಿ ಮಾಡಿಕೊಂಡೆ, ಮೊದಲು ಇದು, ಆಮೇಲೆ ಅದು, ಅವರು ಹೀಗೆ ಕೇಳಿದರೆ ಹಾಗೆ. ಕ್ಷಮೆ ಕೇಳಲಿಕ್ಕೂ ತಯಾರಿ. ಪರೀಕ್ಷೆ ಮುಗಿಯಲಿ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಂಜಿಕೆ. ಫೋನು ಮಾಡಬಹುದಿತ್ತು, ಅದನ್ನೂ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಅಪ್ಪ ಫೋನು ಮಾಡಿದ. “ಮಾಸ್ತರ ಹ್ವಾದ್ರಂತವಾ. ನಿನ್ನೆ ಮುಂಜಾನಿ. ಕುಂತಲ್ಲೇ ಎದಿ ಹಿಡಕೊಂಡು...” ಮುಂದೆ ಏನು ಅಂದನೋ.

ಆ ಮಾತಿಗೆ ನಾಲ್ಕು ವರ್ಷವಾಯಿತು. ಚರ್ಚೆ ಬಿಟ್ಟಿಲ್ಲ, ಅನುಮಾನವನ್ನೂ ಬಿಟ್ಟಿಲ್ಲ. ಆದರೆ ಯಾರಿಗಾದರೂ ನೀವು ತಪ್ಪು ಅನ್ನುವ ಮೊದಲು, ನನ್ನ ಕೈಯಲ್ಲಿರುವ ಅಳತೆ ಯಾರ ಮನೆಯದು ಅಂತ ನೋಡುತ್ತೇನೆ. ಆ ದಿನ ಹುನಗುಂದದಲ್ಲಿ ಚೀಲ ತೆಗೆದುಕೊಂಡು, ಬಾಗಲಕೋಟೆಯ ಬಸ್ಸು ಬಿಟ್ಟು, ಅಕ್ಕಾರ ಮನೆ ಕೇಳಿಕೊಂಡು ಹೋದೆ.

ಅಕ್ಕಾರು ಬಾಗಿಲು ತೆಗೆದು, “ಯವ್ವಾ, ವಕೀಲ್ರು,” ಅಂದರು. ಮಾಸ್ತರರ ಸಂತೂರ ಅವರ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿತ್ತು. ತಂಗಿಯ ಮನೆಯವರು ಕೊಟ್ಟರಂತೆ. ಈಗ ಅವರ ಹತ್ತಿರ ಆರು ಜನ ಕಲಿಯುತ್ತಾರೆ. ಚಹಾ ಕೊಟ್ಟು, ನುಡಿಸಿ ತೋರಿಸುತ್ತೇನೆ ಅಂತ ಕೂತು, ಮೊದಲು ಫೋನು ತೆಗೆದು ವಾದ್ಯಕ್ಕೆ ಆನಿಸಿಟ್ಟರು. ಮುಳ್ಳು ಅಲುಗಿತು. ಒಂದೊಂದೇ ತಂತಿ ಹಸಿರಾಯಿತು.

“ಇದರಿಂದ ಕೂಡಸ್ತೀರೇನ್ರಿ ಅಕ್ಕಾರ?”

“ಮಾಸ್ತರ ಹೇಳಿ ಹೋಗ್ಯಾರ. ಕಡೀ ಕಡೀಗೆ ಎಲ್ಲಾರಿಗೂ ಹಂಗ ಕಲಸ್ತಿದ್ರು. ನಿಮ್ಮ ಕಿವಿ ನಂಬಬ್ಯಾಡ್ರಿ, ಮುಳ್ಳು ನಂಬ್ರಿ, ನನ್ನಂಗ ಆಗಬ್ಯಾಡ್ರಿ ಅಂತ. ನಮ್ಮ ಹುಡುಗೂರಿಗೂ ನಾ ಅದ ಹೇಳ್ತೇನಿ.”

ಟಿಪ್ಪಣಿಯಿಲ್ಲದೆ, ಹಿಂದು ಮುಂದು ಮಾಡಿ, ಎಲ್ಲ ಹೇಳಿದೆ. ಹದಿನಾಲ್ಕು ಗೆರೆ, ಪಿಯಾನೋದ ಒಪ್ಪಂದ, ಗ್ರಂಥಾಲಯ, ಎರಡು ತಿಂಗಳು. ಅಕ್ಕಾರು ಕಲಮು ಕೆಳಗಿಟ್ಟು ಕೇಳಿದರು.

“ಅಂವ ಇದ್ದಾಗ ಹೇಳಬೇಕಾಗಿತ್ತು ನೀ,” ಅಂದರು. ದನಿಯಲ್ಲಿ ಸಿಟ್ಟಿತ್ತು. ಅದುವರೆಗೆ ಮಾಸ್ತರರಿಗೆ ಅವರು ಒಮ್ಮೆಯೂ ಏಕವಚನ ಬಳಸಿರಲಿಲ್ಲ. “ಅಷ್ಟು ದಿನ ತಾ ಕಿವುಡ ಅಂತ ತಿಳಕೊಂಡ ಸತ್ತನಲ್ಲ.”

ನಾನು ತಲೆ ತಗ್ಗಿಸಿದೆ. ಅವರು ಎದ್ದು ಒಳಗೆ ಹೋದರು. ಇನ್ನು ಹೊರಡುವುದೇ ಸರಿ ಅಂತ ಚೀಲಕ್ಕೆ ಕೈ ಹಾಕಿದೆ. ಮುಖ ತೊಳೆದುಕೊಂಡು ತಿರುಗಿ ಬಂದು ಕೂತರು. ಕೀಲಿ ತೆಗೆದು ಗಾಂಧಾರದ ಮೊಳೆಗೆ ಹಾಕಿದರು.

“ಎಷ್ಟು ಇಳಸ್ಲಿ?”

“ಹದಿನಾಲ್ಕು ಗೆರೀರಿ.”

“ಗೆರೀ ಬ್ಯಾಡ.” ಫೋನನ್ನು ಬೋರಲು ಹಾಕಿದರು. “ಹದಿನಾಲ್ಕಕ್ಕ ಇಳಸೂದೂ ಮುಳ್ಳಿನ ಮಾತ ಕೇಳಿದಂಗ ಆತು. ಅವರು ಕೂಡ್ರಸ್ತಿದ್ದ ಜಾಗಾ ಬೇಕು ನಂಗ. ಅದರ ಬಾಜೂಕ ಒಂದೀಟು ಮ್ಯಾಲೆ, ಒಂದೀಟು ಕೆಳಗ ಏನೇನೋ ಮಾಡ್ತಿದ್ರು, ರಾಗ ನೋಡಿ. ಇಷ್ಟು ವರ್ಷ ಮುಳ್ಳು ನೋಡಿ ನೋಡಿ ನಂಗ ಅದು ಮರ್ತೈತಿ. ನೀ ದಿನಾ ಸಂಜೀ ಮುಂದ ಕುಂತಿರ್ತಿದ್ದೆಲ್ಲ. ನಿಂಗ ನೆನಪೈತೇನು?”

ದಿನಾ ಸಂಜೆ ಕೂತಿದ್ದೆ, ನಿಜ. ಒಂದು ದಿನವೂ ಕೇಳಿರಲಿಲ್ಲ. ಪುಸ್ತಕದ ಮರೆಯಲ್ಲಿ ಪರದೆ ನೋಡುತ್ತಿದ್ದೆ.

ಅಕ್ಕಾರು ಕೂದಲಷ್ಟು ಸಡಿಲಿಸಿ ತಂತಿಗೆ ಬಡಿದರು. ಸದ್ದು ಎದ್ದು, ಪಡಸಾಲೆ ತುಂಬಿ, ಆರಿತು.

“ಇಲ್ಲೇನು?”

“ಗೊತ್ತಿಲ್ರಿ ಅಕ್ಕಾರ.”

ಇನ್ನೊಂದು ಕೂದಲಷ್ಟು. ಮತ್ತೆ ಬಡಿದರು. ಈ ಸಲ ನಾನು ಕಣ್ಣು ಮುಚ್ಚಿ, ಸದ್ದು ಪೂರಾ ಸಾಯುವ ತನಕ ಕಾದೆ.

“ಇಲ್ಲಿ?”

ಗೊತ್ತಿರಲಿಲ್ಲ.